ನೆಗ್ಗದ ಕಾರು

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಕಾರು ತಯಾರಾಗುತ್ತಿತ್ತು, ಅದೂ ತಗಡಿನದಲ್ಲ, ಗಾಜಿನ ನಾರಿನದು ಎಂದು ಹೇಳಿದರೆ ನನ್ನ ತರಗತಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರಿಗೆ ಬಿಡದಿಯ ಟೊಯೋಟ ಗೊತ್ತು. 2001ರಲ್ಲಿ ಬಂದ ರೇವಾ ಎಂಬ ವಿದ್ಯುತ್ ಕಾರಿನ ಹೆಸರನ್ನು ಒಬ್ಬಿಬ್ಬರು ಕೇಳಿರುತ್ತಾರೆ. ನರಸಾಪುರದ ಹೋಂಡಾ ಕಾರ್ಖಾನೆಗಂತೂ ಅವರ ಅಣ್ಣಂದಿರೇ ಕೆಲಸಕ್ಕೆ ಹೋಗುತ್ತಾರೆ. ಆದರೆ ಸಿಪಾನಿ, ಬಾದಲ್, ಡಾಲ್ಫಿನ್ ಎಂಬ ಹೆಸರುಗಳು ಅವರ ಅಪ್ಪಂದಿರಿಗೂ ಮರೆತುಹೋಗಿವೆ.

1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರನ್ನು ಮಾಡಿ ಮಾರತೊಡಗಿತು. 198 ಸಿಸಿಯ ಎಂಜಿನ್ನು, ಮೇಲೆ ಫೈಬರ್‌ಗ್ಲಾಸಿನ ಮೈ. ನೋಡಿದವರು ನಗುತ್ತಿದ್ದರಂತೆ. ಅದೇ ಕಂಪನಿ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ 1982ರಲ್ಲಿ ಡಾಲ್ಫಿನ್ ಕಾರನ್ನು ಹೊರತಂದಾಗ ಯಾರೂ ನಗಲಿಲ್ಲ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ಭಾರತೀಯ ಅವತಾರ ಅದು. ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಮ್ ಎಂಜಿನ್ನು, ಕೆಳಗೆ ಉಕ್ಕಿನ ಚಾಸಿ, ಮೇಲೆ ಮಾತ್ರ ಪೂರ್ತಿ ಫೈಬರ್‌ಗ್ಲಾಸು. ಅಂಬಾಸಿಡರಿನ ಸುಮಾರು ಅರ್ಧ ತೂಕ. ರಸ್ತೆಯಲ್ಲಿ ಅಂಬಾಸಿಡರ್ ಮತ್ತು ಫಿಯೆಟ್ ಬಿಟ್ಟರೆ ಬೇರೇನೂ ಕಾಣದಿದ್ದ ಆ ದಿನಗಳಲ್ಲಿ ಇಷ್ಟು ಹಗುರಾದ ಕಾರು ಚಿಗರೆಯಂತೆ ನೆಗೆಯುತ್ತಿತ್ತು. ಅದನ್ನು ಸ್ಪೋರ್ಟ್ಸ್ ಕಾರು ಎನ್ನುವುದು ಸ್ವಲ್ಪ ಅತಿಯೇ. ಆದರೂ ರೇಸು, ರ‍್ಯಾಲಿಯ ಹುಚ್ಚಿನವರು ಅದನ್ನು ಹುಡುಕಿಕೊಂಡು ಬಂದು ಕೊಂಡರು. ಮದರಾಸಿನ ಹತ್ತಿರ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ಆಗ ಕಾರು ರೇಸು ನಡೆಯುತ್ತಿತ್ತು. ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಮೇಲೆ ಮದರಾಸಿಗೆ ಹೋಗುವ ಹಳೆಯ ಹೆದ್ದಾರಿ ನಮ್ಮೂರ ಮುಂದೆಯೇ ಹಾದುಹೋಗುವುದು. ಬಣ್ಣಬಣ್ಣದ ಸ್ಟಿಕ್ಕರು ಅಂಟಿಸಿಕೊಂಡ ಒಂದೊಂದು ಕಾರು ಬುರ್ರೆಂದು ಹೋದರೆ ಬಸ್ಸಿಗೆ ಕಾಯುತ್ತಿದ್ದ ನಾವು ಸೆರಗಿನಿಂದ ಧೂಳು ಒರೆಸಿಕೊಳ್ಳುತ್ತ ನೋಡುತ್ತಿದ್ದೆವು.

ಗಾಜಿನ ನಾರಿನಿಂದ ಕಾರು ಏಕೆ ಮಾಡಬೇಕು ಎಂಬುದಕ್ಕೆ ಸರಳವಾದ ಕಾರಣವಿದೆ. ತಗಡಿನ ಕಾರು ಮಾಡಲು ಭಾರಿ ಪ್ರೆಸ್ಸುಗಳು ಬೇಕು, ಒಂದೊಂದು ಭಾಗಕ್ಕೂ ಒಂದೊಂದು ಉಕ್ಕಿನ ಅಚ್ಚು ಬೇಕು. ಲಕ್ಷಗಟ್ಟಲೆ ಕಾರು ಮಾರಿದರಷ್ಟೇ ಆ ಖರ್ಚು ಹುಟ್ಟುತ್ತದೆ. ಫೈಬರ್‌ಗ್ಲಾಸಿಗೆ ಅಷ್ಟೆಲ್ಲ ಬೇಡ. ಇಡ್ಲಿ ತಟ್ಟೆಗೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುವ ಹಾಗೆ, ಅಚ್ಚಿಗೆ ಗಾಜಿನ ನಾರಿನ ಚಾಪೆ ಹಾಸಿ ಅಂಟುರಾಳ ಹಚ್ಚುತ್ತಾ ಹೋಗುವುದು. ರಾಳಕ್ಕೆ ಬೆರೆಸಿದ ರಾಸಾಯನಿಕದಿಂದ ಅದು ತಾನೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಕೈಕೆಲಸವೇ ಹೆಚ್ಚು, ಬಂಡವಾಳ ಕಡಿಮೆ. ಸಣ್ಣ ಕಾರ್ಖಾನೆಗೆ ಹೇಳಿ ಮಾಡಿಸಿದ ವಿದ್ಯೆ. ಅಮೆರಿಕದ ಷೆವರ್ಲೆ ಕಾರ್ವೆಟ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು 1953ರಲ್ಲಿ ಹುಟ್ಟಿದ್ದು ಹೀಗೆಯೇ. ರಿಲಯಂಟ್ ಕಂಪನಿ ಸಿಮಿಟರ್ ಎಂಬ ಸ್ಪೋರ್ಟ್ಸ್ ಕಾರನ್ನೂ ಇದರಲ್ಲೇ ಮಾಡುತ್ತಿತ್ತು. ಇಂಗ್ಲೆಂಡಿನ ರಾಣಿಯ ಮಗಳು ಆ್ಯನ್ ಅದನ್ನು ಒಂದರ ಹಿಂದೆ ಒಂದರಂತೆ ಇಟ್ಟುಕೊಂಡು ತಾನೇ ಓಡಿಸುತ್ತಿದ್ದಳು. ಅಂತೂ ನಮ್ಮ ಡಾಲ್ಫಿನ್ನಿಗೂ ಅರಮನೆಯ ಕಾರಿಗೂ ದೂರದ ನೆಂಟಸ್ತಿಕೆ ಇತ್ತು!

ನಮ್ಮ ಮನೆಗೂ ಅಂಥದೊಂದು ಕಾರು ಬಂದಿತು. ಮನೆಗೆ ಎಂದರೆ ಅಕ್ಕನ ಮನೆಗೆ. 1987ರಲ್ಲಿ ಭಾವ ಬೆಂಗಳೂರಿನಲ್ಲಿ ಯಾರದೋ ಕೈಯಿಂದ ಕೆಂಪು ಬಣ್ಣದ ಹಳೆಯ ಡಾಲ್ಫಿನ್ ಕೊಂಡು ತಂದರು. ಮುಳಬಾಗಿಲಿನ ಹತ್ತಿರದ ಕುರುಡುಮಲೆ ಗಣೇಶನ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ್ದಾಯಿತು. ಭಾವನಿಗೆ ಆ ಕಾರಿನ ಮೇಲೆ ಎಂಥ ಮೋಹವೆಂದರೆ ಅದನ್ನು ತೊಳೆಯುವ ಬಟ್ಟೆಯನ್ನು ಬೇರೆ ಯಾವುದಕ್ಕೂ ಮುಟ್ಟಿಸುವ ಹಾಗಿರಲಿಲ್ಲ. ಅಕ್ಕ ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಕಾರಿಗೆ ಕಡಿಮೆ ಬಿದ್ದ ದುಡ್ಡಿಗಾಗಿ ತನ್ನ ಎರಡೆಳೆ ಸರ ಅಂಗಡಿ ಸೇರಿದ್ದು ಅವಳಿಗೆ ನೆನಪಿತ್ತು.

ಮಾರನೆಯ ವರ್ಷ ಶ್ರಾವಣ ಶನಿವಾರ ಮಾಲೂರು ತಾಲ್ಲೂಕಿನ ಚಿಕ್ಕ ತಿರುಪತಿಗೆ ಹೋದೆವು. ನಾನಾಗ ಪಿಯುಸಿ ಓದುತ್ತಿದ್ದೆ. ಶ್ರಾವಣ ಶನಿವಾರದ ಚಿಕ್ಕ ತಿರುಪತಿ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬಸ್ಸು, ವ್ಯಾನು, ಎತ್ತಿನ ಗಾಡಿ, ಟ್ರಾಲಿ ತುಂಬ ಜನ ಹೇರಿಕೊಂಡ ಟ್ರ್ಯಾಕ್ಟರು, ಎಲ್ಲಕ್ಕೂ ಒಂದೇ ಬಯಲು. ದರ್ಶನ ಮುಗಿಸಿ ಪ್ರಸಾದ ಹಿಡಿದು ಬರುವಷ್ಟರಲ್ಲಿ ಕಾರಿನ ಸುತ್ತ ಜನ ನಿಂತಿದ್ದರು. ಇಟ್ಟಿಗೆ ಗೂಡಿನ ಟ್ರ್ಯಾಕ್ಟರೊಂದು ಹಿಂದಕ್ಕೆ ತೆಗೆಯುವಾಗ ಟ್ರಾಲಿಯ ಮೂಲೆ ಕಾರಿನ ಹಿಂಬದಿಯ ಎಡಮೂಲೆಗೆ ತಗುಲಿತ್ತು. ಮೆಲ್ಲಗೆ ತಗುಲಿದ್ದು. ಅಂಬಾಸಿಡರಾಗಿದ್ದರೆ ಒಂದು ಬಟ್ಟಲಿನಷ್ಟು ನೆಗ್ಗುತ್ತಿತ್ತು, ಅಷ್ಟೇ. ಇದು ನೆಗ್ಗಲಿಲ್ಲ. ಒಡೆಯಿತು. ಅಂಗೈಯಗಲ ಚೂರು ಒಳಕ್ಕೆ ಜೋತುಬಿದ್ದಿತ್ತು, ಅದರ ಸುತ್ತ ಕೆಂಪು ಬಣ್ಣದಲ್ಲಿ ನಕ್ಷತ್ರದ ಹಾಗೆ ಸಣ್ಣ ಬಿರುಕುಗಳು ಹರಡಿದ್ದವು.

ಟ್ರ್ಯಾಕ್ಟರಿನ ಹುಡುಗ ಓಡಿಹೋಗಿರಲಿಲ್ಲ. ಹದಿನೇಳೋ ಹದಿನೆಂಟೋ ವಯಸ್ಸು, ಕೈಕಟ್ಟಿ ನಿಂತಿದ್ದ. ಲೈಸೆನ್ಸು ಇದೆಯೇನೋ ಎಂದು ಯಾರೋ ಕೇಳಿದರೆ ತಲೆ ತಗ್ಗಿಸಿದ. ಪೊಲೀಸಿಗೆ ಹೇಳಿ ಎಂದರು ಕೆಲವರು, ಎರಡು ಬಿಡಿ ಎಂದರು ಇನ್ನು ಕೆಲವರು. ಭಾವನ ಮುಖ ಕಾರಿಗಿಂತ ಕೆಂಪಗಾಗಿತ್ತು. ಅಷ್ಟರಲ್ಲಿ ಅಕ್ಕ ಮುಂದೆ ಬಂದು, "ಹೋಗಪ್ಪಾ, ನೀನು ಗಾಡಿ ತಗೊಂಡು ಹೋಗು. ಹಿಂದೆ ಮುಂದೆ ನೋಡ್ಕೊಂಡು ಓಡ್ಸು" ಎಂದುಬಿಟ್ಟಳು.

"ಇದರ ಬೆಲೆ ನಿನಗೇನು ಗೊತ್ತು?" ಎಂದರು ಭಾವ.

"ನನ್ನ ಸರದ ಬೆಲೆ ನನಗೆ ಗೊತ್ತಿಲ್ವೇನ್ರೀ?" ಎಂದಳು ಅಕ್ಕ.

ಸುತ್ತ ನಿಂತವರು ಚದುರಿದರು. ಮೂರು ದಿನ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತಿರಲಿಲ್ಲ.

ರಿಪೇರಿ ಸುಲಭವಾಗಿ ಆಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಭಾವ ಅದೇ ದಿನ ಮಾಲೂರಿನಲ್ಲಿ ಗೊತ್ತಿದ್ದ ಟಿಂಕರಿಂಗ್ ಶೆಡ್ಡಿಗೆ ಕಾರು ಒಯ್ದರು. ಅಲ್ಲಿಯ ಭಾಯಿ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಟ್ಟಿ, "ಇದು ಕಬ್ಬಿಣ ಅಲ್ಲ ಸ್ವಾಮಿ. ನಾನು ಸುತ್ತಿಗೆ ಇಟ್ಟರೆ ಇರೋದೂ ಪುಡಿಯಾಗುತ್ತೆ. ನನ್ನ ಕೈಲಾಗಲ್ಲ" ಎಂದರು. ಕೋಲಾರದಲ್ಲೂ ಅದೇ ಉತ್ತರ. ಅಂಬಾಸಿಡರು, ಲಾರಿ, ಬಸ್ಸುಗಳ ಎಂಥೆಂಥ ಸೊಟ್ಟಗಳನ್ನೋ ನೇರ ಮಾಡಿದ ಕೈಗಳು ಒಂದು ಅಂಗೈಯಗಲದ ಬಿರುಕಿನ ಮುಂದೆ ಸೋತು ಕುಳಿತವು.

ಆ ಕೈಗಳ ಬಗ್ಗೆ ಎರಡು ಮಾತು ಹೇಳಬೇಕು. ತಾಮ್ರದ ಹಂಡೆ ನೆಗ್ಗಿದರೆ ಕಂಚುಗಾರರು ತೆಗೆಯುವುದನ್ನು ನಮ್ಮ ವಯಸ್ಸಿನ ಹೆಂಗಸರೆಲ್ಲ ನೋಡಿದ್ದೇವೆ. ಒಂದು ಕಡೆ ಆನಿಕೆ ಕೊಟ್ಟು ಇನ್ನೊಂದು ಕಡೆ ಮೆಲ್ಲಗೆ ಬಡಿಯುತ್ತ ನೆಗ್ಗಿನ ಅಂಚಿನಿಂದ ನಡುವಿಗೆ ಬರುವುದು. ನಡುವಿಗೇ ಬಡಿದರೆ ಪಾತ್ರೆ ಇನ್ನಷ್ಟು ಕೆಡುತ್ತದೆ. ಕಾರಿನ ಟಿಂಕರಿಂಗೂ ಇದೇ ವಿದ್ಯೆ. ಆನಿಕೆಗೆ ಹಿಡಿಯುವ ಉಕ್ಕಿನ ಗುಂಡಿಗೆ ಡಾಲಿ ಎನ್ನುತ್ತಾರೆ. ಪೆಟ್ಟಿನಿಂದ ತಗಡು ಹಿಗ್ಗಿ ಉಬ್ಬಿದ್ದರೆ ಗ್ಯಾಸಿನ ಬೆಂಕಿಯಲ್ಲಿ ಒಂದು ಕಾಸಿನಗಲ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಅದು ಕುಗ್ಗಿ ಒಳಸೇರುತ್ತದೆ. ಉಳಿದ ಏರುತಗ್ಗಿಗೆ ಪುಟ್ಟಿ, ಅದರ ಮೇಲೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಆಮೇಲೆ ಪ್ರೈಮರು, ಬಣ್ಣ. ಬಣ್ಣದ್ದೇ ಇನ್ನೊಂದು ಕಥೆ. ಹಿಂದೆ ಕುದುರೆ ಸಾರೋಟಿನ ಹಾಗೆ ಕಾರಿಗೂ ಕುಂಚದಿಂದ ವಾರ್ನಿಷ್ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಬೇಗ ಒಣಗುವ ಡ್ಯೂಕೋ ಬಣ್ಣ ತಂದಿತು. ಆ ಹೆಸರು ನಮ್ಮ ಪೇಂಟರುಗಳ ಬಾಯಲ್ಲಿ ಎಂಥ ಬಣ್ಣಕ್ಕೂ ಸಲ್ಲುವ ಮಾತಾಗಿ ಉಳಿಯಿತು.

ನಮ್ಮ ಕಡೆಯ ಊರುಗಳಲ್ಲಿ ಈ ವಿದ್ಯೆಗೆ ಬರವಿರಲಿಲ್ಲ. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಲಾರಿಗಳು, ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ಲಾರಿಗಳು, ಮುಳಬಾಗಿಲಿನಲ್ಲಿ ಹೆದ್ದಾರಿಯ ಲಾರಿಗಳು. ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ವರ್ಕ್‌ಶಾಪು, 1964ರ ನಂತರ ಬೆಮೆಲ್. ಕೆಲಸ ಕಲಿಯಲು ಸೊಟ್ಟಗಳಿಗೆ ಕೊರತೆಯೇ ಇರಲಿಲ್ಲ. ಕಾರುಗಳೂ ಹಾಗೆಯೇ ಇದ್ದವು. ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನ ಮೈಯ ಭಾಗಗಳನ್ನು ಚಾಸಿಗೆ ಬೋಲ್ಟಿನಿಂದ ಕೂಡಿಸಿದ್ದರು. ಒಂದು ಮೂಲೆ ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಸರಿಮಾಡಿ ಮತ್ತೆ ಕೂಡಿಸಬಹುದಿತ್ತು. ಅದೇ ಹೆರಾಲ್ಡಿನ ಚಾಸಿಯ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಚಂದದ ಸ್ಪೋರ್ಟ್ಸ್ ಕಾರು ಮಾಡಿದರು. ಅಂಬಾಸಿಡರು, ಫಿಯೆಟ್ಟುಗಳಿಗಂತೂ ಹಿಂದೆ ಮುಂದೆ ಉಕ್ಕಿನ ಬಂಪರು. ಸಣ್ಣಪುಟ್ಟ ತಾಗಾಟಕ್ಕೆ ಯಾರೂ ಇಳಿದು ನೋಡುತ್ತಲೂ ಇರಲಿಲ್ಲ. ಡಾಲ್ಫಿನ್ನು ಈ ಊರುಗಳಿಗೆ ಹೊಸ ಸೊಸೆಯಂತೆ ಬಂದಿತ್ತು. ಅದರ ಭಾಷೆ ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಫೈಬರ್‌ಗ್ಲಾಸಿನ ಮೂರ್ತಿ, ಫಲಕಗಳನ್ನು ಮಾಡುತ್ತಿದ್ದ ಒಬ್ಬ ಕೆಲಸಗಾರ. ಭಾನುವಾರವಾದ್ದರಿಂದ ನಾನೂ ಭಾವನ ಜೊತೆ ಹೋಗಿದ್ದೆ. ಆತ ಮೊದಲು ಮಾಡಿದ್ದು ಒಡೆದ ಜಾಗವನ್ನು ಇನ್ನಷ್ಟು ಒಡೆಯುವುದು! ಬಿರುಕಿನ ಉದ್ದಕ್ಕೂ ಉಜ್ಜಿ ಉಜ್ಜಿ ಇಳಿಜಾರು ಮಾಡಿ, ಗಟ್ಟಿ ನಾರು ಸಿಗುವವರೆಗೆ ಹೋದ. ನೋಡಲಾರದೆ ಭಾವ ಹೊರಗೆ ಹೋಗಿ ಸಿಗರೇಟು ಹಚ್ಚಿದರು. ಆಮೇಲೆ ಒಳಬದಿಯಿಂದ ಗಾಜಿನ ಚಾಪೆಯ ತುಂಡುಗಳನ್ನು ಚಿಕ್ಕದರ ಮೇಲೆ ದೊಡ್ಡದಾಗಿ ಇಟ್ಟು, ರಾಳ ಹಚ್ಚಿ, ಒಳಗೆ ಗಾಳಿ ಉಳಿಯದಂತೆ ಕುಂಚದಿಂದ ಕುಕ್ಕಿದ. ಅದು ಗಟ್ಟಿಯಾದ ಮೇಲೆ ಹೊರಗಿನಿಂದಲೂ ಹಾಗೆಯೇ. ಉಜ್ಜುವಾಗ ಹಾರಿದ ಪುಡಿ ನನ್ನ ಕೈಗೆ ತಗುಲಿ ಎರಡು ದಿನ ನವೆ. ಕೆಸುವಿನ ದಂಟು ಹೆಚ್ಚಿದರೂ ಅಷ್ಟು ತುರಿಸುವುದಿಲ್ಲ. ಬಣ್ಣ ಮಾತ್ರ ಪೂರ್ತಿ ಹೊಂದಲಿಲ್ಲ. ಬಿಸಿಲಿನಲ್ಲಿ ಮಾಗಿದ ಹಳೆಯ ಕೆಂಪಿಗೂ ಡಬ್ಬಿಯ ಹೊಸ ಕೆಂಪಿಗೂ ಅರಿಸಿನಕ್ಕೂ ಕುಂಕುಮಕ್ಕೂ ಇರುವಷ್ಟಲ್ಲದಿದ್ದರೂ ಎದ್ದು ಕಾಣುವಷ್ಟು ವ್ಯತ್ಯಾಸವಿತ್ತು. ಒಂದು ಮೂಲೆಗೆಂದು ಹೋದವರು ಆ ಇಡೀ ಬದಿಗೆ ಬಣ್ಣ ಹೊಡೆಸಬೇಕಾಯಿತು.

ಈ ನಡುವೆ ಇಟ್ಟಿಗೆ ಗೂಡಿನ ಯಜಮಾನರು ವಿಳಾಸ ವಿಚಾರಿಸಿಕೊಂಡು ಮನೆಗೇ ಬಂದರು. ಹುಡುಗ ಹೋಗಿ ನಡೆದದ್ದನ್ನೆಲ್ಲ ಹೇಳಿದ್ದನಂತೆ. "ಅಮ್ಮಾವ್ರು ಬಿಟ್ಟು ಕಳಿಸಿದರು ಅಂತ ಅಳ್ತಾ ಬಂದ. ಕೈಯಲ್ಲಿ ದುಡ್ಡು ಓಡಾಡ್ತಿಲ್ಲ ಸ್ವಾಮಿ, ಇಟ್ಟಿಗೆ ಕೊಡ್ತೀನಿ" ಎಂದರು. ಭಾವ ಬೇಡವೆಂದರು. ಅಕ್ಕ ಒಳಗಿನಿಂದ ಕಾಫಿ ತಂದುಕೊಟ್ಟು, ಎಷ್ಟು ಇಟ್ಟಿಗೆ ಎಂದು ಕೇಳಿದಳು. 500 ಇಟ್ಟಿಗೆ ಬಂದು ಹಿತ್ತಲಿನಲ್ಲಿ ಇಳಿದವು. ತಗಡಿನ ಮರೆಯಲ್ಲಿ ಸ್ನಾನ ಮಾಡುತ್ತಿದ್ದ ಮನೆಗೆ ಅದರಲ್ಲಿ ಬಚ್ಚಲ ಗೋಡೆ ಎದ್ದಿತು. ಬಿಟ್ಟು ಕಳಿಸಿದಾಗ ಅಕ್ಕ ಇಟ್ಟಿಗೆಯನ್ನು ಎಣಿಸಿರಲಿಲ್ಲ. ಆದರೆ ಬಂದದ್ದನ್ನು ಬೇಡವೆನ್ನುವ ಪೈಕಿಯೂ ಅವಳಲ್ಲ. ನನಗೆ ಅವಳ ಈ ಎರಡೂ ಗುಣ ಇಷ್ಟ.

ಕಾನೂನಿನ ದಾರಿಯಲ್ಲಿ ಹೋಗಿದ್ದರೆ ಏನು ಸಿಗುತ್ತಿತ್ತು ಎಂದು ನಾನು ಆಮೇಲೆ ಓದಿ ನೋಡಿದ್ದುಂಟು. ಇತಿಹಾಸ ಪಾಠ ಮಾಡುವವರಿಗೆ ಇಂಥ ಹಳೆಯ ಕಾಯ್ದೆಗಳ ಚಟ ಅಂಟಿಕೊಳ್ಳುತ್ತದೆ. ಆಗಿನ್ನೂ 1939ರ ಮೋಟಾರು ವಾಹನ ಕಾಯ್ದೆಯೇ ಇತ್ತು. 1988ರ ಹೊಸ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಗೆ ವಿಮೆ ಮಾಡಿಸಲೇಬೇಕೆಂಬ ನಿಯಮ 1946ರಿಂದ ಇದೆ. ಹೊಸ ಕಾಯ್ದೆಯಲ್ಲಿ ಕೂಡ ಬೇರೆಯವರ ಆಸ್ತಿಪಾಸ್ತಿಯ ನಷ್ಟಕ್ಕೆ ಆ ಕಡ್ಡಾಯ ವಿಮೆಯ ಮಿತಿ ಬರೀ 6000 ರೂಪಾಯಿ ಇತ್ತು. ಈಗ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷದವರೆಗೆ ಇರುತ್ತದೆ. ಆದರೆ ಅದನ್ನು ಪಡೆಯಲು ಪೊಲೀಸು ದೂರು, ಆಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿ. ಒಂದು ಗೀರಿಗಾಗಿ ಆ ಮೆಟ್ಟಿಲು ಹತ್ತುವವರು ಯಾರು? ಹೀಗಾಗಿ ತಪ್ಪು ಯಾರದೇ ಆಗಲಿ, ಪೆಟ್ಟು ತಿಂದವರು ತಮ್ಮದೇ ಪಾಲಿಸಿಯ ಮೇಲೆ ಕ್ಲೇಮು ಹಾಕುತ್ತಾರೆ, ಇಲ್ಲವೇ ನಿಂತ ಜಾಗದಲ್ಲೇ ಕೂಗಾಡಿ ನಾಲ್ಕು ಕಾಸು ಕೀಳುತ್ತಾರೆ. ಕೂಗಾಟದಲ್ಲಿ ಯಾವಾಗಲೂ ಸೋಲುವವನು ಆಟೋದವನು, ಟೆಂಪೋದವನು, ಲೈಸೆನ್ಸಿಲ್ಲದ ಹುಡುಗ. ಎರಡು ದೊಡ್ಡ ಕಾರುಗಳು ತಾಗಿದಾಗ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿ ಫೋನ್ ನಂಬರು ಬದಲಾಯಿಸಿಕೊಂಡು ಹೋಗುವುದನ್ನು ಕೋಲಾರದ ಬಸ್‌ಸ್ಟ್ಯಾಂಡಿನ ಮುಂದೆಯೇ ನೋಡಿದ್ದೇನೆ.

ತಮ್ಮದೇ ಪಾಲಿಸಿಯ ಕ್ಲೇಮಿನಲ್ಲೂ ಒಂದು ಲೆಕ್ಕವಿದೆ, ಮನೆಯ ಖರ್ಚು ನೋಡುವ ಹೆಂಗಸರು ಇದನ್ನು ತಿಳಿದಿರಬೇಕು. ಕ್ಲೇಮಿಲ್ಲದೆ ವರ್ಷ ಕಳೆದರೆ ಸ್ವಂತ ಕಾರಿನ ಹಾನಿಯ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಸಿಗುತ್ತದೆ. ಮೊದಲ ವರ್ಷಕ್ಕೆ ಶೇಕಡಾ 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮು ಹಾಕಿದರೆ ಅದು ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಹತ್ತಬೇಕು. ಪ್ರೀಮಿಯಮ್ಮಿನ ಆ ಭಾಗ 10,000 ರೂಪಾಯಿ ಎಂದಿಟ್ಟುಕೊಳ್ಳಿ, ಮುಂದಿನ ಸಲ ನಿಮಗೆ ಶೇಕಡಾ 45 ಸಿಗಬೇಕಾಗಿತ್ತು ಎನ್ನಿ. ರಿಪೇರಿ 5000 ಆಯಿತು. ಸಣ್ಣ ಕಾರಿಗೆ ಮೊದಲ 1000 ನಿಮ್ಮದೇ, ಹೆಚ್ಚೆಂದರೆ 4000 ಕೈಗೆ ಬರುತ್ತದೆ, ಮುಂದಿನ ವರ್ಷ 4500 ಕಳೆದುಕೊಳ್ಳುತ್ತೀರಿ. ಬದಲಾಯಿಸಿದ ಭಾಗ ಪ್ಲಾಸ್ಟಿಕ್ಕಿನದಾದರೆ ಸವಕಳಿಯೆಂದು ಅರ್ಧ ಕಳೆಯುತ್ತಾರೆ, ಫೈಬರ್‌ಗ್ಲಾಸಿಗೆ ಶೇಕಡಾ 30, ಗಾಜಿಗೆ ಮಾತ್ರ ಏನೂ ಇಲ್ಲ. ಸವಕಳಿ ಕಳೆಯದ ಪಾಲಿಸಿಯೂ ಈಗ ಇದೆ, ಅದಕ್ಕೆ ಹೆಚ್ಚು ಕಟ್ಟಬೇಕು. ಭಾವನದು ಕಾಯ್ದೆಗೆ ಬೇಕಾದಷ್ಟೇ ಇದ್ದ ಪಾಲಿಸಿಯಾದ್ದರಿಂದ ಅವರಿಗೆ ಈ ಯೋಚನೆಯೇ ಬರಲಿಲ್ಲ.

ನಿಲ್ಲಿಸಿದ ಕಾರಿನ ಸಣ್ಣ ಪೆಟ್ಟು ಸರಕಾರಗಳ ತಲೆಯನ್ನೂ ಕೆಡಿಸಿದ್ದುಂಟು. ರಿಪೇರಿಯ ಖರ್ಚು ಹೆಚ್ಚಾಯಿತೆಂಬ ಕೂಗು ಎದ್ದು, ಅಮೆರಿಕದಲ್ಲಿ 1973ರ ಮಾದರಿಗಳಿಂದ ಮುಂದಿನ ಬಂಪರು ಗಂಟೆಗೆ 5 ಮೈಲಿ ವೇಗದ ಗುದ್ದನ್ನು ತಡೆಯಬೇಕೆಂದು ನಿಯಮ ಮಾಡಿದರು. ಪಾಪ, ನಾಜೂಕಾದ ಸ್ಪೋರ್ಟ್ಸ್ ಕಾರುಗಳ ರೂಪವೇ ಕೆಟ್ಟಿತು. ಎಂಜಿಬಿ ಎಂಬ ಇಂಗ್ಲಿಷ್ ಕಾರಿಗೆ 1974ರಲ್ಲಿ ದಪ್ಪನೆಯ ಕಪ್ಪು ರಬ್ಬರಿನ ಬಂಪರು ಬಂದಿತು. ಮದುಮಗಳ ಬಾಯಿಗೆ ಎತ್ತಿನ ಕುಕ್ಕೆ ಕಟ್ಟಿದ ಹಾಗೆ. 1982ರಲ್ಲಿ ಅಲ್ಲಿಯವರು ಆ ನಿಯಮವನ್ನು ಸಡಿಲಿಸಿ 2.5 ಮೈಲಿಗೆ ಇಳಿಸಿದರು.

ಡಾಲ್ಫಿನ್ನಿಗೆ ಕೊನೆಗೆ ಪೆಟ್ಟು ಕೊಟ್ಟದ್ದು ಟ್ರ್ಯಾಕ್ಟರಲ್ಲ, ಮಾರುತಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ತಗಡಿನ ಕಾರು, ಹಿಂದೆ ಸರಕಾರ, ಜಪಾನಿನ ತಂತ್ರ, ಊರೂರಿಗೆ ಬಿಡಿಭಾಗ. ಸಿಪಾನಿಯವರು 1987ರಲ್ಲಿ ಮೊಂಟಾನ ಎಂಬ ಹೆಚ್ಚು ಬಾಗಿಲಿನ ಕಾರು ತಂದರು, 1990ರ ದಶಕದ ನಡುವೆ ರೋವರ್ ಮೊಂಟೆಗೊ ಜೋಡಿಸಿ ಮಾರಿದರು. ಯಾವುದೂ ನಿಲ್ಲಲಿಲ್ಲ. ಭಾವ ಕಾರು ಮಾರಿದ್ದು 1994ರಲ್ಲಿ. ಕೊಳ್ಳಲು ಬಂದವರು ಆ ಎಡಮೂಲೆಯನ್ನು ತಟ್ಟಿ ನೋಡಿ ಬೆಲೆ ಇಳಿಸಿದರು. ಅಕ್ಕನ ಸರ ವಾಪಸು ಬರುವಷ್ಟು ದುಡ್ಡು ಅದರಲ್ಲಿ ಹುಟ್ಟಲಿಲ್ಲ. ಭಾವ ನಿವೃತ್ತರಾದ ವರ್ಷ ಹೊಸದೊಂದು ಎರಡೆಳೆ ಮಾಡಿಸಿಕೊಟ್ಟರು.

ಈಗಿನ ಕಾರುಗಳ ಬಂಪರು ಪ್ಲಾಸ್ಟಿಕ್ಕಿನದು. ಸಣ್ಣದಾಗಿ ನೆಗ್ಗಿದರೆ ಕುದಿವ ನೀರು ಹುಯ್ದು ಒಳಗಿನಿಂದ ತಳ್ಳಿದರೆ ಎಷ್ಟೋ ಸಲ ಮೊದಲಿನಂತಾಗುತ್ತದೆ. ತಗಡಿನ ಸಣ್ಣ ನೆಗ್ಗನ್ನು, ಬಣ್ಣ ಒಡೆಯದಿದ್ದರೆ, ಉದ್ದನೆಯ ಕಂಬಿಯಿಂದ ಒಳಗಿನಿಂದ ಒತ್ತಿ ಎಬ್ಬಿಸುವ ಕುಶಲಿಗರು ಬೆಂಗಳೂರಿನಲ್ಲಿ ಇದ್ದಾರೆ. ಆದರೆ ಬಂಪರಿನ ಹಿಂದೆ ಸೆನ್ಸಾರು, ಕ್ಯಾಮೆರಾ ಎಲ್ಲ ಸೇರಿಕೊಂಡ ಮೇಲೆ ಶೋರೂಮಿನವರು ನೇರ ಮಾಡುವುದಕ್ಕಿಂತ ಬದಲಾಯಿಸುವುದನ್ನೇ ಹೆಚ್ಚು ಹೇಳುತ್ತಾರೆ. ದುಬಾರಿ ಸ್ಪೋರ್ಟ್ಸ್ ಕಾರುಗಳಲ್ಲಿ ಫೈಬರ್‌ಗ್ಲಾಸಿನ ಜಾಗಕ್ಕೆ ಕಾರ್ಬನ್ ನಾರು ಬಂದಿದೆ. ಅಂಥವು ಈಗ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನಮ್ಮ ಹೆದ್ದಾರಿಗೆ ಗುಂಪುಗುಂಪಾಗಿ ಬಂದು, ತಿಂಡಿ ತಿಂದು ವಾಪಸು ಹೋಗುತ್ತವೆ. ಹೋಟೆಲಿನ ಮುಂದೆ ಟೊಮೆಟೊ ಟೆಂಪೋಗಳಿಂದ ನಾಲ್ಕು ಮಾರು ದೂರ ನಿಲ್ಲಿಸುತ್ತಾರೆ. ಕಾವಲಿಗೆ ಒಬ್ಬರನ್ನು ಬಿಟ್ಟೇ ಒಳಗೆ ಹೋಗುತ್ತಾರೆ.

ಮಾಲೂರಿನ ಆ ಭಾಯಿಯ ಶೆಡ್ಡು ಈಗಲೂ ಇದೆ, ಮಗ ನೋಡಿಕೊಳ್ಳುತ್ತಾನೆ. ಕಳೆದ ವರ್ಷ ನಮ್ಮ ಕಾರಿನ ಬಾಗಿಲಿಗೆ ಯಾರೋ ಸ್ಕೂಟರು ಒರಗಿಸಿ ಹೋಗಿದ್ದರು. ಶೋರೂಮಿನಲ್ಲಿ ಬಾಗಿಲನ್ನೇ ಬದಲಾಯಿಸಬೇಕೆಂದರು. ಇವನು ಒಳಗಿನ ಹಲಗೆ ಬಿಚ್ಚಿ, ಅಪ್ಪನ ಕಾಲದ ಡಾಲಿಯನ್ನೇ ಹಿಡಿದು ಒಂದು ಮಧ್ಯಾಹ್ನದಲ್ಲಿ ನೆಗ್ಗು ತೆಗೆದ. ಬಣ್ಣಕ್ಕೆ ಮಾತ್ರ ಮಾರನೆಯ ದಿನ ಬನ್ನಿ, ಮೋಡ ಇದೆ, ಒಣಗಲ್ಲ ಎಂದ. ಫೈಬರ್‌ಗ್ಲಾಸು ಬರುತ್ತದೆಯೇನಪ್ಪಾ ಎಂದು ಕೇಳಿದೆ. "ಓ, ಬರುತ್ತೆ ಮಿಸ್, ಬಸ್ಸಿನ ಮೂತಿ ಈಗೆಲ್ಲ ಅದರದ್ದೇ ಅಲ್ವಾ" ಎಂದ.